ಬೆನ್ನು ಬಿಡದ ನಂಬರಿನವರು

ಬೀರಲಿಂಗಯ್ಯ ಮತ್ತೆ ಹಿಂದಿರುಗಿ ನೋಡಿದ. ಬರುತ್ತಲೇ ಇದ್ದರು. ಹತ್ತು ಹನ್ನೆರಡು ಜನ, ಎಲ್ಲರೂ ಸೈಕಲ್ಲಿನ ಮೇಲೆ. ಎಲ್ಲರದೂ ಒಂದೇ ಬಣ್ಣದ ಬನಿಯನ್, ಎದೆಯ ಮೇಲೆ ದಪ್ಪನೆಯ ನಂಬರು. ಅವರ ಹಿಂದೆ ಕೆಂಪು ಬಾವುಟ ಕಟ್ಟಿದ ಜೀಪು ಬೇರೆ.

"ಸ್ಕ್ವಾಡ್ನೋರು! ಕೆಟ್ಟೆ ಕಣಪ್ಪಾ" ಎಂದುಕೊಂಡು ಪೆಡಲು ತುಳಿದ.

ತಪ್ಪು ಅವನದೇ ಬಿಡಿ. ರೇಷ್ಮೆಗೆ ಬಂಗಾರದ ಬೆಲೆ ಬಂದಿದ್ದ ಕಾಲ ಅದು. ಬೆಳೆದ ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಹರಾಜಿಗಿಡಬೇಕು, ಕದ್ದು ಹೊರಗೆ ಮಾರಿದರೆ ಸ್ಕ್ವಾಡು ಎಂಬ ತನಿಖಾ ದಳದವರು ಮೂಟೆ ಸಮೇತ ಜಪ್ತಿ ಮಾಡುತ್ತಾರೆ ಎಂಬುದು ದೊಡ್ಡಆಲಹಳ್ಳಿಯ ಎಳೆಮಕ್ಕಳಿಗೂ ಗೊತ್ತು. ಬೀರಲಿಂಗಯ್ಯನಿಗೂ ಗೊತ್ತು. ಆದರೆ ಮಾರುಕಟ್ಟೆಯಲ್ಲಿ ಹರಾಜು ಕೂಗುವ ತನಕ ನೊಣ ಹೊಡೆಯುತ್ತ ಕೂರಬೇಕು. ಮಾಗಡಿಯಲ್ಲಿ ನೂಲು ಬಿಚ್ಚುವ ಗಫಾರನ ಮನೆಗೆ ಹೋದರೆ ತೂಕ ಮುಗಿಯುವಷ್ಟರಲ್ಲಿ ಬಿರಿಯಾನಿ ಬಂದಿರುತ್ತದೆ. ಅಷ್ಟು ದೂರ ಸೈಕಲ್ ತುಳಿಯುವುದಕ್ಕೆ ಅವನಿಗಿದ್ದ ಕಾರಣ ಇಷ್ಟೇ.

ಕ್ಯಾರಿಯರಿನ ಮೇಲಿದ್ದದ್ದು ಅವನ ಹೆಂಡತಿ ಪುಟ್ಟಲಕ್ಷ್ಮಮ್ಮ ನಿದ್ದೆಗೆಟ್ಟು ಹುಳುವಿಗೆ ಸೊಪ್ಪು ಹಾಕಿ ಬೆಳೆದ ಗೂಡು. ಹೊರಡುವಾಗ ಅವಳು ಹೇಳಿದ್ದಳು: "ಸೀದಾ ಮಾರ್ಕೆಟ್ಟಿಗೆ ಹೋಗು. ಗೂಡಿಗೇನಾರ ಆಯ್ತೋ, ನೀನೂ ಈ ಹೊಸ್ಲು ತುಳೀಬ್ಯಾಡ." ಪುಟ್ಟಲಕ್ಷ್ಮಮ್ಮ ಹೇಳಿದ್ದನ್ನು ಮಾಡುವ ಹೆಂಗಸು. ಸ್ಕ್ವಾಡಿಗಿಂತ ಅವನಿಗೆ ಅವಳ ಭಯವೇ ಹೆಚ್ಚು.

ಕನಕಪುರ ದಾಟಿದ ಮೇಲೆ ಏಳನೇ ನಂಬರಿನವನು ಏದುಸಿರು ಬಿಡುತ್ತ ಪಕ್ಕಕ್ಕೇ ಬಂದ. ಒಂದು ಕೈ ಚಾಚಿ ಮೂಟೆ ತಟ್ಟಿದ.

"ಹಳದಿ ಗೂಡು! ಚೆನ್ನಾಗಿ ಕಟ್ಟೈತೆ. ಮಾರ್ಕೆಟ್ಟಿಗಾ, ಯಜಮಾನ್ರೇ?"

ಈ ಸೀಮೆಯಲ್ಲಿ ಗೂಡು ಗೊತ್ತಿಲ್ಲದವರು ಯಾರಿದ್ದಾರೆ ಹೇಳಿ? ಆದರೂ ಬೀರಲಿಂಗಯ್ಯ ಹ್ಯಾಂಡಲ್ ಆಚೆಗೆಳೆದು ಮೂಟೆ ತಪ್ಪಿಸಿದ.

"ಇನ್ನೆಲ್ಲಿಗೆ?"

"ಏನ್ ತುಳೀತೀರಪ್ಪ! ಆದ್ರೂ ಇವತ್ತು ನಿಮ್ಮನ್ನ ಬುಡಾಕಿಲ್ಲ" ಎಂದು ಅವನು ನಕ್ಕ.

"ಹಿಡೀರಿ ನೋಡವಾ!" ಎಂದು ಬೀರಲಿಂಗಯ್ಯ ಸೀಟಿನಿಂದೆದ್ದು ತುಳಿದ. ಕುರಿ ಹಿಂದೆ ಬೆಟ್ಟ ಹತ್ತಿ ಬೆಳೆದ ಕಾಲುಗಳವು. ಏಳನೇ ನಂಬರು ಹಿಂದೆ ಬಿತ್ತು.

ರಾಮನಗರದಲ್ಲಿ ಮಾರುಕಟ್ಟೆಯ ಕಡೆ ಹ್ಯಾಂಡಲ್ ತಿರುಗಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮಾರುಕಟ್ಟೆಯೊಳಗೆ ಹೋದ ಗೂಡನ್ನು ಯಾರೂ ಮುಟ್ಟುವಂತಿಲ್ಲ. ಅವನೂ ಹಾಗೇ ಎಣಿಸಿದ್ದ, ಬಿರಿಯಾನಿಯ ಆಸೆ ಬಿಟ್ಟಿದ್ದ. ಆದರೆ ತಿರುವಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು! ವಿಷಲ್ ಊದುತ್ತಿದ್ದವನೊಬ್ಬ "ಈ ಕಡೆ, ಈ ಕಡೆ!" ಎಂದು ಮಾಗಡಿ ರಸ್ತೆ ತೋರಿಸುತ್ತಿದ್ದ. ಎಂಥ ಖದೀಮರು, ದಾರಿಯನ್ನೇ ಮುಚ್ಚಿಬಿಟ್ಟಿದ್ದಾರಲ್ಲ ಎಂದು ಬೈದುಕೊಳ್ಳುತ್ತ ಬೀರಲಿಂಗಯ್ಯ ಅತ್ತಲೇ ತಿರುಗಿದ.

ಮುಂದಿನದೆಲ್ಲ ಏರು. ಬಂಡೆ, ಗುಡ್ಡ, ಮತ್ತೆ ಬಂಡೆ. ಸೈಕಲ್ಲು ಕಿರುಗುಟ್ಟಿತು, ತೊಡೆ ಕಲ್ಲಾಯಿತು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಮೂಟೆಯನ್ನು ಪೊದೆಗೆ ಎಸೆದು ಹಗುರಾಗೋಣವೇ ಎಂದು ಒಂದು ಗಳಿಗೆ ಅನ್ನಿಸಿತು. ಹೊಸಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಂಡತಿ ಕಣ್ಣಿಗೆ ಕಟ್ಟಿದಳು. ಇನ್ನೂ ಜೋರಾಗಿ ತುಳಿದ.

ದಾರಿಬದಿಯ ಹಳ್ಳಿಯಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ಬೈರಮ್ಮ ಎಂಬ ಮುದುಕಿ ಓಡಿಬಂದು ಬಿಂದಿಗೆ ನೀರನ್ನು ಅವನ ತಲೆ ಮೇಲೆ ಸುರಿದಳು.

"ತುಳಿ ಮಗಾ ತುಳಿ! ಬಂದ್ಬುಟ್ರು, ಹಿಂದೇನೇ ಬತ್ತಾವ್ರೆ!"

"ನಿನ್ನ ಹೊಟ್ಟೆ ತಣ್ಣಗಿರ್ಲವ್ವಾ" ಎಂದ ಬೀರಲಿಂಗಯ್ಯ. ರೈತನ ಕಷ್ಟ ಅರಿತವರು ಇನ್ನೂ ಇದ್ದಾರೆ ಎಂದು ಕಣ್ಣು ತುಂಬಿಬಂತು.

ಏರಿನ ನೆತ್ತಿಯಲ್ಲಿ ಶಾಮಿಯಾನ. ಕುರ್ಚಿಗಳ ಮೇಲೆ ಪ್ಯಾಂಟು ಶರಟಿನ ದೊಡ್ಡವರು. ರಸ್ತೆಗೆ ಅಡ್ಡವಾಗಿ ಬಣ್ಣದ ಟೇಪು. ಚೆಕ್‌ಪೋಸ್ಟು! ಹಿಂದಕ್ಕೆ ಹೋಗುವಂತಿಲ್ಲ. ಆದದ್ದಾಗಲಿ ಎಂದು ಕಣ್ಣು ಮುಚ್ಚಿ ನುಗ್ಗಿದ. ಟೇಪು ಹರಿಯಿತು, ಸೈಕಲ್ಲು ಮಗುಚಿತು, ನಾಲ್ಕಾರು ಕೈಗಳು ಅವನನ್ನು ಹಿಡಿದೆತ್ತಿದವು.

"ತಪ್ಪಾಯ್ತು ಸ್ವಾಮಿ..." ಎಂದು ಬಾಯಿ ತೆರೆಯುವಷ್ಟರಲ್ಲಿ ಕೊರಳಿಗೆ ಹಾರ ಬಿತ್ತು.

"ಬೆಟ್ಟದ ಸೈಕಲ್ ಪಂದ್ಯದಲ್ಲಿ ಮೊದಲು ಗುರಿ ಮುಟ್ಟಿದವರು ಈ ಯಜಮಾನರು!" ಎಂದು ಮೈಕಿನವನು ಕಿರುಚಿದ. "ಹೊರಗಿನವರಾದರೂ ಚಿಂತೆಯಿಲ್ಲ, ಬಹುಮಾನ ಇವರಿಗೇ!"

ಪಂದ್ಯ! ಬೀರಲಿಂಗಯ್ಯ ಪೆದ್ದುಪೆದ್ದಾಗಿ ಸುತ್ತ ನೋಡಿದ. ನಂಬರಿನವರು ಒಬ್ಬೊಬ್ಬರಾಗಿ ಬಂದು, ಸೋಡಾ ಕುಡಿದು, ಅವನ ಬೆನ್ನು ತಟ್ಟಿ, ನೆಲದ ಮೇಲೆ ಕಾಲು ಚಾಚಿದರು. ಪಾಪ, ಆಟ ಆಡಲು ಬಂದ ಹುಡುಗರು! ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವನಿಗೆ ನಗು ತಡೆಯಲಾಗಲಿಲ್ಲ.

"ಇಂಥ ಭಾರ ಹೊತ್ತು ಹೇಗೆ ಗೆದ್ದಿರಿ? ಎರಡು ಮಾತು ಹೇಳಿ" ಎಂದು ಮೈಕು ಅವನ ಬಾಯಿಗೆ ಹಿಡಿದರು.

"ಅಯ್ಯೋ, ನಾನು ಇವ್ರನ್ನ ಸ್ಕ್ವಾಡ್ನೋರು ಅಂದ್ಕಂಡ್ಬುಟ್ಟಿದ್ದೆ ಕಣ್ರಪ್ಪೋ!" ಎಂದು ಬೀರಲಿಂಗಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಮೂಟೆಯ ಬಾಯಿ ಬಿಚ್ಚಿ ಒಂದು ಬೊಗಸೆ ಗೂಡು ಎತ್ತಿ ತೋರಿಸಿದ. "ಇದ ಮಾಗಡಿ ಗಫಾರಂಗೆ ಕದ್ದು ಮಾರಾಕೆ ಹೊಂಟಿದ್ದೆ. ಹೋದ ಬೆಳೇನೂ ಅವ್ನಿಗೇ ಕೊಟ್ಟಿದ್ದು. ಅದರ ಹಿಂದಿಂದೂ ಅಷ್ಟೇ. ಆ ಸ್ಕ್ವಾಡ್ನೋರ ಕೈಗೆ ನಾನು ಸಿಕ್ಕೇನೇ? ಅವ್ರಪ್ಪ ಬಂದ್ರೂ ಹಿಡಿಯಾಕಾಗಕಿಲ್ಲ!"

ಊರಿನ ಜನ ಬಿದ್ದು ಬಿದ್ದು ನಕ್ಕರು. ಕುರ್ಚಿಗಳ ಮೇಲಿದ್ದವರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮುಖ್ಯ ಅತಿಥಿಗಳು ಎದ್ದು ಬಂದು, ಬಹುಮಾನದ ಕಪ್ಪನ್ನು ಅವನ ಕೈಗಿಟ್ಟು, ಮೂಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಮೈಕಿನಲ್ಲಿ ಹೇಳಿದರು: "ಗೂಡು ತನಿಖಾ ದಳದ ನೌಕರರ ವಾರ್ಷಿಕ ಸೈಕಲ್ ಪಂದ್ಯಕ್ಕೆ ಬಂದು ಇಷ್ಟು ವಿವರವಾಗಿ ಮಾತಾಡಿದ್ದಕ್ಕೆ, ಯಜಮಾನರಿಗೆ ದಳದ ಪರವಾಗಿ ಧನ್ಯವಾದಗಳು."