ಹೆಣ್ಣು ಜೇಡದ ಹೆಸರು

ಏಳು ಗುಡ್ಡದಾಚೆ ಒಂದೂರು. ಅಲ್ಲೊಬ್ಬ ಜೇಡಗಳಿಗೆ ಹೆಸರಿಡುವ ವಿಜ್ಞಾನಿ ಭುಜಂಗ, ಅವನಿಗೊಬ್ಬಳು ಹೆಂಡತಿ ಮೇದಿನಿ. ಒಂದೇ ಜೀವಿಗೆ ಎರಡು ಹೆಸರಿದ್ದರೆ ಮೊದಲು ಇಟ್ಟದ್ದನ್ನಷ್ಟೇ ಉಳಿಸಿ, ಜೇಡಗಳ ಪಟ್ಟಿಯನ್ನೆಲ್ಲ ಕಂಪ್ಯೂಟರಿಗೆ ಏರಿಸಿಕೊಡುತ್ತೇನೆಂದು ಅವಳು ಮ್ಯೂಸಿಯಮ್ಮಿಗೆ ಮಾತು ಕೊಟ್ಟಿದ್ದಳು.

ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಒಂದು ಹೆಣ್ಣು ಜೇಡ. ಅದಕ್ಕೆ ಭುಜಂಗ ತನ್ನ ಹಳೆಯ ಸಹಪಾಠಿ ವೈಜಯಂತಿಯ ಹೆಸರಿಟ್ಟಿದ್ದ. ಆ ಹೆಸರು ಕಂಡಾಗಲೆಲ್ಲ ಮೇದಿನಿಯ ಹೊಟ್ಟೆಯಲ್ಲಿ ಕೆಂಡ.

ಒಂದು ದಿನ ಅವಳು ಕುಣಿಯುತ್ತ ಬಂದಳು. "ರೀ, ನಿಮ್ಮ ವೈಜಯಂತಿ ಹೊಸ ಜಾತಿಯೇ ಅಲ್ಲ. ಹಳೇ ಸೀಸೆಯಲ್ಲಿದೆಯಲ್ಲ ಗಂಡು ಜೇಡ, ಅದರ ಜೋಡಿ. ಗಂಡಿಗೆ ಮೊದಲೇ ಯಾರೋ ಹೆಸರಿಟ್ಟಾಗಿದೆ. ನಿಮ್ಮದು ಅಳಿಸಬೇಕು."

ಭುಜಂಗನ ಮುಖ ಸಪ್ಪೆಯಾಯಿತು. "ಗಂಡು ಹೆಣ್ಣು ಬೇರೆ ಥರ ಕಾಣ್ತವೆ, ಗೊತ್ತಾಗಲಿಲ್ಲ ಕಣೇ. ಅದೊಂದನ್ನ ಹಾಗೇ ಬಿಟ್ಟುಬಿಡು."

"ಅಳಿಸೋಕೆ ಅಷ್ಟೊಂದು ಸಂಕಟವಾ? ನಿಯಮ ಅಂದ್ರೆ ನಿಯಮ."

ಹೆಣ್ಣಿನ ಹೆಸರನ್ನು ಅಳಿಸಿ, ಗಂಡು ಜೇಡಕ್ಕೆ ಮೊದಲು ಹೆಸರಿಟ್ಟ ಹಳೆಯ ಪ್ರಬಂಧ ತೆರೆದು, ಮೇದಿನಿ ಕೊನೆಯ ಸಾಲನ್ನು ಟೈಪು ಮಾಡಿ ಕೊಟ್ಟ ಮಾತು ಮುಗಿಸಿದಳು: ಜೇಡಕ್ಕೆ ಇದ್ದದ್ದು ಭುಜಂಗನ ಹೆಸರು, ಅದರ ಮಗ್ಗುಲಲ್ಲಿ, ಪದ್ಧತಿಯಂತೆ, ಆ ಹೆಸರಿಟ್ಟವಳದು, ವೈಜಯಂತಿ.