ಹಸಿರು ಚುಕ್ಕಿ, ನೀಲಿ ಚುಕ್ಕಿ

ಹೆಬ್ಬೆರಳಿನ ಉಗುರು ತಾಗುತ್ತಲೇ ಕಾಗದದ ಚುಕ್ಕಿ ಎದ್ದು ಬಂತು. ಇಷ್ಟು ಸಲೀಸಾಗಿ ಬರುತ್ತದೆಂದು ಅವನು ಎಣಿಸಿರಲಿಲ್ಲ. ಎರಡು ವರ್ಷ ಶೀತಲ ಕೋಣೆಯ ಗೋಡೆಯಲ್ಲಿದ್ದ ಡಬ್ಬ, ಅಂಟು ಸತ್ತಿರಬೇಕು ಎಂದುಕೊಂಡ. ಗ್ರಹಚಾರ ನೆಟ್ಟಗಿದ್ದರೆ ಹೀಗೆಯೇ.

ಊಟದ ಬಿಡುವು. ಕಾರ್ಖಾನೆಯಲ್ಲಿ ನರಪಿಳ್ಳೆಯೂ ಇಲ್ಲ. ಮೇಜಿನ ಮೇಲೆ ಅಲ್ಲೇ ತಯಾರಾದ, ಒಂದೇ ಅಚ್ಚಿನ ಎರಡು ಅಲಾರಂ ಡಬ್ಬ. ಒಂದರ ಬೆನ್ನಿಗೆ ಹಸಿರು ಚುಕ್ಕಿ, ಇನ್ನೊಂದರ ಬೆನ್ನಿಗೆ ನೀಲಿ. ಹಸಿರು ಅಂದರೆ ಪರೀಕ್ಷೆ ಮಾಡಿ ಪಾಸು ಮಾಡಿದವನು ಅವನು. ನೀಲಿ ಅಂದರೆ ಅಕ್ಕ, ಒಡಹುಟ್ಟಿದ ಅಕ್ಕ. ಕಾರ್ಖಾನೆಗೆಲ್ಲ ಅವಳು ಅಕ್ಕ, ಹಾಗಾಗಿ ಇವನು ಎಲ್ಲರಿಗೂ ತಮ್ಮ.

ಹಿಂದಿನ ವಾರ ಕೋಲ್ಡ್ ಸ್ಟೋರೇಜಿನ ಕೋಣೆಯೊಂದರಲ್ಲಿ ಕೂಲಿಯವನೊಬ್ಬ ಸಿಕ್ಕಿಬಿದ್ದಿದ್ದ. ಒಳಗೆ ಬಾಗಿಲ ಪಕ್ಕದ ಗುಂಡಿ ಒತ್ತಿದರೆ ಡಬ್ಬದೊಳಗಿನ ಮೋಡೆಮ್ ಕಾವಲುಗಾರನ ಮೊಬೈಲಿಗೆ ಕರೆ ಮಾಡಬೇಕು. ಅವನು ಒತ್ತಿದ್ದ. ಬಾಗಿಲು ತೆರೆದಾಗಲೂ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಬಿಡಿಸಲು ಬಿಸಿನೀರು ಸುರಿಯಬೇಕಾಯಿತು. ಕರೆ ಮಾತ್ರ ಹೋಗಿರಲೇ ಇಲ್ಲ.

ಆ ಡಬ್ಬವನ್ನೂ ಪಕ್ಕದ ಕೋಣೆಯದನ್ನೂ ಒಂದೇ ಚೀಲಕ್ಕೆ ತುರುಕಿ ನಿನ್ನೆ ತಂದಿದ್ದರು. ಯಾವುದು ಯಾವ ಕೋಣೆಯದೆಂದು ಹೇಳುವವರಿಲ್ಲ. ಇವತ್ತು ಮೂರು ಗಂಟೆಗೆ ಹೊರಗಿನ ಇಂಜಿನಿಯರ್ ಬಂದು ಪೊಲೀಸರೆದುರು ಎರಡನ್ನೂ ಪರೀಕ್ಷಿಸುತ್ತಾನೆ. ಉಸಿರೆತ್ತದ ಡಬ್ಬದ ಮೇಲೆ ಯಾರ ಚುಕ್ಕಿಯೋ, ಜೈಲು ಅವರಿಗೆ.

ಮೋಡೆಮ್ಮಿಗೆ ಎರಡು ಬಾಯಿ. ಒಂದು ಯುಎಸ್‌ಬಿ. ಲ್ಯಾಪ್‌ಟಾಪಿಗೆ ಚುಚ್ಚಿ ಎರಡಕ್ಷರ ಒತ್ತಿದರೆ ‘ಓಕೆ’ ಎನ್ನುತ್ತದೆ. ನಿಮಿಷದ ಕೆಲಸ. ಇನ್ನೊಂದು ಸೀರಿಯಲ್, ಎರಡು ಸಣ್ಣ ತಂತಿ. ಗೋಡೆಯ ಗುಂಡಿ ಮೋಡೆಮ್ಮಿಗೆ ಸುದ್ದಿ ಮುಟ್ಟಿಸುವುದು ಆ ತಂತಿಯಲ್ಲಿ ಮಾತ್ರ. ಅದನ್ನು ನೋಡಲು ತಂತಿ ಕಟ್ಟಿ, ಸುದ್ದಿ ಹರಿಯುವ ವೇಗ ಹೊಂದಿಸಿ, ಗುಂಡಿ ಒತ್ತಿ, ಫೋನ್ ಬಡಿದುಕೊಳ್ಳುವವರೆಗೆ ಕಾಯಬೇಕು. ಅರ್ಧ ಗಂಟೆ ಹಿಡಿಯುತ್ತದೆ. ಅಕ್ಕ ಪ್ರತಿ ಡಬ್ಬಕ್ಕೂ ಕಾಯುತ್ತಿದ್ದಳು. ತಮ್ಮ ಯುಎಸ್‌ಬಿಗೆ ಕೈಮುಗಿದು ಹಸಿರು ಚುಕ್ಕಿ ಅಂಟಿಸುತ್ತಿದ್ದ.

“ಎರಡು ಬಾಗಿಲಿರೋ ಮನೇಲಿ ಒಂದನ್ನ ತಟ್ಟಿ ನೋಡಿದ್ರೆ ಸಾಕೇನೋ?” ಎಂದು ಅವಳು ಎಷ್ಟೋ ಸಲ ಬೈದಿದ್ದಳು.

“ಒಳಗಿರೋರು ಒಬ್ರೇ ತಾನೆ ಅಕ್ಕ? ಓ ಅಂದ್ರಲ್ಲ, ಬಿಡು.”

ಈಗಲೂ ಅಷ್ಟೇ ಮಾಡಿದ್ದ. ಎರಡಕ್ಕೂ ಯುಎಸ್‌ಬಿ ಚುಚ್ಚಿದ್ದ, ಎರಡೂ ‘ಓಕೆ’ ಎಂದಿದ್ದವು. ಸೀರಿಯಲ್ ತಂತಿ ಕಟ್ಟಲು ಪುರುಸೊತ್ತಿರಲಿಲ್ಲ. ಅದರ ಅಗತ್ಯವೂ ಅವನಿಗೆ ಕಾಣಲಿಲ್ಲ. ಅಕ್ಕ ನೋಡಿದ ಡಬ್ಬ ಕೈಕೊಡುವುದುಂಟೇ? ಕೂಲಿಯವನನ್ನು ಕೊಂದದ್ದು ಹಸಿರು ಚುಕ್ಕಿಯದೇ.

ಹಸಿರಿದ್ದಲ್ಲಿ ನೀಲಿ, ನೀಲಿಯಿದ್ದಲ್ಲಿ ಹಸಿರು. ಅಕ್ಕನ ಮೇಜಿನ ಮೇಲೆ ಅಂಟಿನ ಬಾಟಲಿ ಮುಚ್ಚಳವಿಲ್ಲದೆ ನಿಂತಿತ್ತು. ಅಚ್ಚುಕಟ್ಟಿನ ಹೆಂಗಸು, ಯಾಕೋ ಮುಚ್ಚಲು ಮರೆತಿದ್ದಳು. ಒಳ್ಳೆಯದೇ ಆಯಿತು.

ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಈ ಕೆಲಸ ಕೊಡಿಸಿದವಳೂ ಅಕ್ಕ. ಡಬ್ಬಗಳನ್ನಿಟ್ಟ ಕಪಾಟಿನ ಬೀಗದ ಕೈ ಎಗರಿಸಿದ್ದು ಅವಳ ಚೀಲದಿಂದಲೇ. ಉಂಡ ಮನೆಯ ಜಂತಿ ಎಣಿಸುವವರನ್ನು ಲೋಕ ಕಂಡಿದೆ, ಇವನು ಜಂತಿಯನ್ನೇ ಕೀಳಲು ಕೂತಿದ್ದ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ತನಗೆ ಎರಡು ಕೂಸು. ಅವಳು ಒಳಗೆ ಹೋದರೆ ಅಳುವವರಾದರೂ ಯಾರು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಕಪಾಟು ಮುಚ್ಚಿ, ಕೀಲಿಕೈ ಚೀಲಕ್ಕೆ ಸೇರಿಸುವಷ್ಟರಲ್ಲಿ ಅಕ್ಕ ಬಂದಳು. ಕಣ್ಣು ಕೆಂಪಗಿದ್ದವು.

“ಊಟ ಮಾಡಿದ್ಯೇನೋ?”

“ಆಯ್ತು.”

“ಮೂರು ಗಂಟೆಗೆ ಯಾರು ಏನು ಕೇಳಿದ್ರೂ ನೀನು ಬಾಯಿ ಬಿಡಬೇಡ. ಹೇಳೋದನ್ನ ನಾನು ಹೇಳ್ತೀನಿ.”

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಇವಳು ನನ್ನ ಮೇಲೆ ಚಾಡಿ ಹೇಳಲು ತಯಾರಾಗಿ ಬಂದಿದ್ದಾಳೆ ಎಂದು ಅವನ ಮೈ ಉರಿಯಿತು. ಮನಸ್ಸಿನಲ್ಲಿ ಅಲ್ಪಸ್ವಲ್ಪ ಚುಚ್ಚುತ್ತಿದ್ದದ್ದೂ ನಿಂತಿತು.

ಮೂರು ಗಂಟೆಗೆ ಇಂಜಿನಿಯರ್ ಮೊದಲ ಡಬ್ಬಕ್ಕೆ ಸೀರಿಯಲ್ ತಂತಿ ಕಟ್ಟಿ ಗುಂಡಿ ಒತ್ತಿದ. ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು. ಎರಡನೆಯದಕ್ಕೆ ಕಟ್ಟಿ ಒತ್ತಿದ. ಮತ್ತೆ ಒತ್ತಿದ. ಫೋನ್ ಸುಮ್ಮನೆ ಬಿದ್ದಿತ್ತು.

“ಅವ್ರೂ ಹೀಗೇ ಒತ್ತಿದ್ರಾ?” ಮೂಲೆಯಲ್ಲಿ ಕೂತಿದ್ದ ಸತ್ತವನ ಹೆಂಡತಿ ಕೇಳಿದಳು.

ಇನ್ಸ್‌ಪೆಕ್ಟರ್ ಡಬ್ಬಕ್ಕೆ ಕೈ ಹಾಕುವ ಮೊದಲೇ ಅಕ್ಕ ಎದ್ದು ನಿಂತಳು. “ತಿರುಗಿಸಿ ನೋಡೋದೇ ಬೇಡ ಸಾರ್. ಅದರ ಹಿಂದೆ ನೀಲಿ ಚುಕ್ಕಿ ಇದೆ. ನಾನೇ ಸೀರಿಯಲ್ ನೋಡದೆ ಪಾಸ್ ಮಾಡ್ಬಿಟ್ಟೆ. ತಪ್ಪು ನಂದು.”

ತಮ್ಮನಿಗೆ ಸ್ವರ್ಗ ಮೂರೇ ಗೇಣು. ಮರುಕ್ಷಣವೇ ತಲೆಗೆ ಹುಳ ಹೊಕ್ಕಿತು. ತಿರುಗಿಸದೆಯೇ ಇವಳಿಗೆ ಹೇಗೆ ಗೊತ್ತು?

ಇನ್ಸ್‌ಪೆಕ್ಟರ್ ಡಬ್ಬ ತಿರುಗಿಸಿದ.

ಹಸಿರು.

ಪೊಲೀಸಿನವನ ಕೈ ತಮ್ಮನ ಹೆಗಲ ಮೇಲೆ ಬಿತ್ತು. ಅಕ್ಕ ಓಡಿ ಬಂದು ಅವನ ತೋಳು ಹಿಡಿದಳು.

“ನಿನ್ನೆ ಸಂಜೆನೇ ಎರಡಕ್ಕೂ ತಂತಿ ಕಟ್ಟಿ ನೋಡಿ, ನಿನ್ನ ಚುಕ್ಕಿ ಕಿತ್ತು ಅಲ್ಲಿ ನಂದು ಅಂಟಿಸಿದ್ದೆನಲ್ಲೋ ಮಗಾ... ಅದನ್ನ ಮತ್ತೆ ಬದಲಾಯಿಸಿದ ಪಾಪಿ ಯಾರು?”