ಗೆರೆಯ ಮೇಲಿನ ನಿಂಬೆಹಣ್ಣು

ಇವತ್ತು ಎಲ್ಲರ ಕಣ್ಣೆದುರು ಇದು ಸರಿಯಾಗಿ ನಿಂತುಬಿಟ್ಟರೆ? ಸ್ಕೂಟರಿನ ಮೇಲೆ ಕೂತ ಗವಿರಂಗನನ್ನು ಕೊರೆಯುತ್ತಿದ್ದುದು ಇದೊಂದೇ. ಮೋಟಾರನ್ನು ಚಕ್ರದೊಳಗೇ ಇಟ್ಟ ಹೊಸ ಗಾಡಿ ಅದು. ಭಾರವಾದ ಆ ಚಕ್ರ ಹಳ್ಳದಿಣ್ಣೆಯಲ್ಲಿ ಪುಟಿದು ನೆಲ ಬಿಡುತ್ತಿತ್ತು. ಆ ಗಳಿಗೆಯಲ್ಲಿ ಬ್ರೇಕ್ ಹಿಡಿದರೂ ಒಂದೇ, ಬಿಟ್ಟರೂ ಒಂದೇ. ಅವನು ಓಡಿಸಿ ನೋಡಿದ ಐವತ್ತು ಪರೀಕ್ಷೆಗಳಲ್ಲಿ ಮೂರು ಸಲ ಹಾಗಾಗಿತ್ತು.

“ಐವತ್ತಕ್ಕೆ ಮೂರು ತಾನೇ? ಪರೀಕ್ಷೆ ವರದಿಗೆ ಸಹಿ ಹಾಕಯ್ಯ, ನಾಳೆಯಿಂದ ಮಾರಾಟ,” ಎಂದಿದ್ದರು ಮ್ಯಾನೇಜರ್ ಸದಾನಂದಯ್ಯ.

“ಆ ಮೂರರಲ್ಲಿ ನಿಮ್ಮ ಮಗಳು ಹಿಂದೆ ಕೂತಿದ್ರೆ ಸಾರ್?”

“ನೀನು ಗಾಡಿ ಓಡಿಸೋನು ಕಣಯ್ಯ, ಜೋಯಿಸನಲ್ಲ.”

ಆಗಲೇ ಗವಿರಂಗ ಹೊಸ ಗಾಡಿಯ ಪೂಜೆಗೆ ಇಟ್ಟಿದ್ದ ತಟ್ಟೆಯಿಂದ ನಿಂಬೆಹಣ್ಣೊಂದನ್ನು ಎತ್ತಿಕೊಂಡು, ಪೂಜೆಗೆ ಬಂದಿದ್ದ ಕಂಪನಿಯ ಒಡತಿಯತ್ತ ತಿರುಗಿದ್ದ. “ಮೇಡಂ, ಇದನ್ನ ಹಳ್ಳದಿಣ್ಣೆ ದಾರೀಲಿ ಗಾಡಿ ನಿಲ್ಲಬೇಕಾದ ಗೆರೆ ಮೇಲೆ ಇಡಿಸಿ. ಇದಕ್ಕೆ ಮುಂಚೆ ನಿಂತ್ರೆ ಸಹಿ ಹಾಕ್ತೀನಿ.”

ಈಗ ಎಲ್ಲರೂ ಗೆರೆಯ ಪಕ್ಕ ಕಾಯುತ್ತಿದ್ದರು. ಅವನು ನಲವತ್ತರ ವೇಗದಲ್ಲಿ ಬಂದ. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಗಾಡಿ ಐದಾರು ಮಾರು ಆಚೆ ಹೋಗಿ ನಿಂತಿತು.

“ಒಳ್ಳೇ ಶಕುನ!” ಎಂದ ಪೂಜಾರಪ್ಪನ ಬಾಯನ್ನು ಒಡತಿಯ ನೋಟವೇ ಮುಚ್ಚಿಸಿತು.

“ಚಕ್ರ ಸರಿಮಾಡೋವರೆಗೂ ಒಂದು ಗಾಡೀನೂ ಗೇಟು ದಾಟಬಾರದು,” ಎಂದಳು.

ಸದಾನಂದಯ್ಯ ಹತ್ತಿರ ಬಂದು ಹಲ್ಲು ಕಚ್ಚಿದರು. “ಬ್ರೇಕ್ ಪೂರ್ತಿ ಹಿಡಿದೆಯೇನೋ?”

ಗವಿರಂಗ ಚಕ್ರಕ್ಕೆ ಅಂಟಿದ್ದ ಸಿಪ್ಪೆಯನ್ನು ಬಿಡಿಸಿ ಅವರ ಕೈಗಿಟ್ಟ.

ಹಣ್ಣು ಒಡೆಯುವವರೆಗೂ ತನ್ನ ಬೆರಳು ಬ್ರೇಕನ್ನು ಮುಟ್ಟಿರಲೇ ಇಲ್ಲ ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ.